ಜಡಿಮಳೆ, ಅವರೆಕಾಯಿ, ಸೆಪ್ಟಿಕ್ ಟ್ಯಾಂಕ್: ಚಳಿಗಾಲಕ್ಕೆ ಮುಂಚೆ ಮುಗಿಸಬೇಕಾದ ಕೆಲಸ

ನಮ್ಮ ಕಡೆ ಸೆಪ್ಟಿಕ್ ಟ್ಯಾಂಕ್ ಕೈ ಕೊಡುವುದು ಬೇಸಿಗೆಯಲ್ಲಲ್ಲ, ನವೆಂಬರ್‌ನಿಂದ ಸಂಕ್ರಾಂತಿವರೆಗೆ. ಚಿಂತಾಮಣಿಯಲ್ಲಿ ನಮ್ಮದು ಪೈಪು, ಸ್ಯಾನಿಟರಿ ಸಾಮಾನಿನ ಅಂಗಡಿ. ಯಜಮಾನರು ಪ್ಲಂಬಿಂಗ್ ಕೆಲಸಕ್ಕೆ ಹೊರಗೆ ಓಡಾಡುತ್ತಾರೆ, ಕೌಂಟರಲ್ಲಿ ನಾನು ಕೂರುತ್ತೇನೆ. ಯಾವ ಬೀದಿಯಲ್ಲಿ ಯಾರ ಮನೆ ಕಮೋಡ್ ಕಟ್ಟಿದೆ ಅನ್ನುವುದು ಅಕ್ಕಪಕ್ಕದವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಒಳಚರಂಡಿ ಪೈಪು ಬರದ ಲೇಔಟುಗಳು, ಸುತ್ತಲಿನ ಹಳ್ಳಿ ಮನೆಗಳು, ಇವರದೇ ಜಾಸ್ತಿ.

"ಚಳಿಗೆ ಹೀಗಾಗುತ್ತಾ ಅಕ್ಕಾ?" ಅಂತ ಕೇಳುತ್ತಾರೆ. ಚಳಿಯದು ಸಣ್ಣ ಪಾಲು. ದೊಡ್ಡ ಪಾಲು ನೀರಿನದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಮುಗಿಯಿತು ಅನ್ನುವಷ್ಟರಲ್ಲಿ ಸೈಕ್ಲೋನ್ ಜಡಿಮಳೆ ಹಿಡಿಯುತ್ತದೆ. ಟ್ಯಾಂಕಿನಿಂದ ಹೊರಬಂದ ನೀರನ್ನು ಮಣ್ಣಿಗೆ ಇಂಗಿಸಲು ಪಕ್ಕದಲ್ಲಿ ತೋಡುವುದು ಇಂಗುಗುಂಡಿ. ಭೂಮಿ ನೀರು ಕುಡಿದು ಕೂತಿರುವಾಗ ಆ ಇಂಗುಗುಂಡಿಯ ನೀರು ಹೋಗುವುದೆಲ್ಲಿಗೆ? ವಾಪಸ್ ಟ್ಯಾಂಕಿಗೆ, ಅಲ್ಲಿಂದ ಕಮೋಡಿಗೆ. ಅದರ ಮೇಲೆ ಹಬ್ಬ, ನೆಂಟರು, ಅವರೆಕಾಯಿ.

2021ರ ನವೆಂಬರ್ ಯಾರೂ ಮರೆತಿರಲಿಕ್ಕಿಲ್ಲ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು, ಪಾಳುಬಾವಿಗಳಲ್ಲಿ ನೀರು ಕಂಡಿತು. ನಾವೆಲ್ಲ ಖುಷಿಪಟ್ಟೆವು. ಅದೇ ವಾರ ಅಂಗಡಿ ಮುಂದೆ ಸಾಲು ನಿಂತಿದ್ದು ಮಾತ್ರ ಪಿಟ್ ಉಕ್ಕಿದವರದು. ಈಗ ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿ ನೀರು, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ ನೀರು (ಎರಡೂ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕಳಿಸುವ ಯೋಜನೆಗಳು) ಕೆರೆಗಳಿಗೆ ಬರುತ್ತಿದೆ. ತುಂಬಿದ ಕೆರೆಯ ಕೆಳಗೆ ಮನೆ ಕಟ್ಟಿದವರು ಹತ್ತು ವರ್ಷದ ಹಿಂದಿನ ಲೆಕ್ಕ ಇಟ್ಟುಕೊಂಡು ಕೂರುವ ಹಾಗಿಲ್ಲ.

ಹುಲ್ಲಿನ ಕಥೆ ಒಂದು ಹೇಳಿಬಿಡುತ್ತೇನೆ. ಗಿರಾಕಿಯೊಬ್ಬರ ಮಗ ಅಮೆರಿಕದ ಮಿನ್ನೆಸೋಟಾದಲ್ಲಿದ್ದಾನೆ. ಚಳಿಗಾಲಕ್ಕೆ ಟ್ಯಾಂಕ್ ಮೇಲೆ ಹುಲ್ಲು ಹೊದಿಸಪ್ಪಾ ಅಂತ ವಿಡಿಯೊ ಕಾಲ್‌ನಲ್ಲಿ ಹೇಳಿದನಂತೆ. ಅವನು ಹೇಳಿದ್ದು ಅಲ್ಲಿಗೆ ಸರಿಯೇ. ಅಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ, ಪೈಪಿನೊಳಗೆ ನೀರು ಮಂಜುಗಡ್ಡೆಯಾಗುತ್ತದೆ. ಹಾಗಾಗಿ ಟ್ಯಾಂಕ್, ಪೈಪುಗಳ ಮೇಲೆ 8ರಿಂದ 12 ಇಂಚು ಒಣಹುಲ್ಲು ಹಾಸುತ್ತಾರೆ. ಹಿಮ ಬಿದ್ದ ಮೇಲೆ ಅಲ್ಲಿ ಗಾಡಿ ಓಡಿಸುವುದಿಲ್ಲ, ಯಾಕೆಂದರೆ ಹಿಮ ಅದುಮಿಕೊಂಡರೆ ಚಳಿ ಇನ್ನೂ ಆಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಡಿಸೆಂಬರ್-ಜನವರಿ ರಾತ್ರಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ. ನಾಲ್ಕಡಿ ಕೆಳಗೆ ಟ್ಯಾಂಕಿನೊಳಗೆ ಬೆಚ್ಚಗೇ ಇರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ಸ್ವಲ್ಪ ನಿಧಾನವಾಗಬಹುದು, ನಿಲ್ಲುವುದಿಲ್ಲ. ರಾಗಿ ಹುಲ್ಲನ್ನು ಹಸುವಿಗೇ ಹಾಕಿ ಅಂದೆ. ಟ್ಯಾಂಕ್ ಮೇಲೆ ಹಾಸಿದರೆ ಮಳೆ ನೀರು ಹಿಡಿದು ನಿಲ್ಲುತ್ತದೆ, ಒಡೆದ ಚಪ್ಪಡಿಯೂ ಕಣ್ಣಿಗೆ ಬೀಳುವುದಿಲ್ಲ.

ಯಾವಾಗ ಶುರು ಮಾಡಬೇಕು

ಗೌರಿ ಹಬ್ಬಕ್ಕೆ ಮುಂಚೆ. ಆಗಸ್ಟ್‌ನಲ್ಲಿ ಒಂದು ಬಿಸಿಲಿನ ವಾರ ಸಿಕ್ಕರೆ ಸಾಕು. ಆಗ ಆಗಲಿಲ್ಲವಾ, ಅಳತೆ ನೋಡುವುದು, ಮುಚ್ಚಳ ಭದ್ರ ಮಾಡುವುದು, ಮಳೆ ನೀರು ತಿರುಗಿಸುವುದು ಯಾವಾಗ ಬೇಕಾದರೂ ಮಾಡಬಹುದು. ಸಕ್ಕಿಂಗ್ ಗಾಡಿ ಕರೆಸಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸುವ ಕೆಲಸವನ್ನು ಮಾತ್ರ ಜಡಿಮಳೆಯ ನಡುವೆ ಇಟ್ಟುಕೊಳ್ಳಬೇಡಿ.

ಯಾಕೆ ಅಂದರೆ, ಸುತ್ತಲಿನ ಮಣ್ಣು ನೀರಲ್ಲಿ ನೆನೆದಿರುವಾಗ ಖಾಲಿ ಟ್ಯಾಂಕನ್ನು ಆ ನೀರು ಹೊರಗಿನಿಂದ ಒತ್ತುತ್ತದೆ. ಈಚೆಗೆ ರೆಡಿಮೇಡ್ ಪ್ಲಾಸ್ಟಿಕ್, ಫೈಬರ್ ಟ್ಯಾಂಕು ಹೂಳುತ್ತಾರಲ್ಲ, ಅವು ಮೇಲಕ್ಕೆ ತೇಲಿ ಎದ್ದು ಪೈಪು ಮುರಿದುಕೊಳ್ಳುತ್ತವೆ. ಹಳೇ ಇಟ್ಟಿಗೆ ಗೋಡೆ ಒಳಕ್ಕೆ ಕುಸಿಯಬಹುದು. ಇದ್ಯಾವುದೂ ಆಗದಿದ್ದರೂ ಇಂಗುಗುಂಡಿಯ ನೀರು ಹಿಂದಕ್ಕೆ ಬಂದು ಮಾರನೇ ದಿನಕ್ಕೇ ಟ್ಯಾಂಕ್ ಮತ್ತೆ ತುಂಬುತ್ತದೆ. ಗಾಡಿಯವರಿಗೆ ಕೊಟ್ಟ ದುಡ್ಡು ಹೋದಂತೆ. ಕಮೋಡೇ ಉಕ್ಕುತ್ತಿದೆ, ಬೇರೆ ದಾರಿಯಿಲ್ಲ ಅಂದರೆ ಅರ್ಧದಷ್ಟು ತೆಗೆಸಿ, ನೀರು ಕಡಿಮೆ ಬಳಸಿ, ಮಳೆ ಬಿಟ್ಟ ಮೇಲೆ ಪೂರ್ತಿ ಮಾಡಿಸಿ.

ನಿಮ್ಮನೆಯಲ್ಲಿರುವುದು ಟ್ಯಾಂಕಾ, ಪಿಟ್ಟಾ?

ಇದನ್ನು ಮೊದಲು ತಿಳಿದುಕೊಳ್ಳಿ. ನಮ್ಮ ಕಡೆ ಎಲ್ಲದಕ್ಕೂ ಪಿಟ್ ಅಂತಲೇ ಅನ್ನುತ್ತಾರೆ. ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ತಳಕ್ಕೂ ಗೋಡೆಗೂ ಗಾರೆ ಇರುತ್ತದೆ, ನೀರು ಸೋರುವುದಿಲ್ಲ. ಭಾರದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ಕೆನೆ ಕಟ್ಟುತ್ತದೆ, ನಡುವಿನ ನೀರು ಮಾತ್ರ ಪೈಪಿನಲ್ಲಿ ಇಂಗುಗುಂಡಿಗೆ ಹೋಗುತ್ತದೆ. ಬರೀ ಪಿಟ್ ಅಂದರೆ ತಳವೇ ಇಲ್ಲದ ಗುಂಡಿ. ಸುತ್ತ ಸೈಜುಗಲ್ಲೋ ಸಿಮೆಂಟ್ ರಿಂಗೋ ಇಳಿಸಿ ಮೇಲೆ ಚಪ್ಪಡಿ ಮುಚ್ಚಿರುತ್ತಾರೆ.

"ನಮ್ಮ ಪಿಟ್ ಕಟ್ಟಿಸಿದಾಗಿನಿಂದ ಒಂದು ಸಲಾನೂ ತುಂಬಿಲ್ಲ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಇದು ಹೆಮ್ಮೆ ಪಡುವ ವಿಷಯ ಅಲ್ವೇ ಅಲ್ಲ. ಮನೆ ತುಂಬ ಜನ, ದಿನಾ ನೂರಾರು ಲೀಟರ್ ನೀರು, ಆದರೂ ತುಂಬಿಲ್ಲ ಅಂದರೆ ಎಲ್ಲಾ ಹಾಗೇ ಭೂಮಿಗೆ ಇಳಿಯುತ್ತಿದೆ ಅಂತ ಅರ್ಥ. ನಮ್ಮದು ಬಂಡೆ ನೆಲ. ಬೋರ್‌ವೆಲ್‌ಗೆ ಕೇಸಿಂಗ್ ಹಾಕುವುದು ಮೇಲಿನ ಮಣ್ಣಿರುವಷ್ಟು ಆಳಕ್ಕೆ, ಕೆಳಗೆ ಬಂಡೆಯ ಬಿರುಕುಗಳಲ್ಲಿ ನೀರು ಓಡಾಡುತ್ತದೆ. ಸಾವಿರದಿನ್ನೂರು ಅಡಿ ಕೊರೆಸಿದ್ದೇನೆ, ಅಲ್ಲಿಗೆ ಏನು ಬರುತ್ತೆ ಅನ್ನಬೇಡಿ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿ, ಬೋರಿಗೂ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕು. 30-40 ಸೈಟಿನಲ್ಲಿ ಇದು ಆಗದ ಮಾತು ಅಂತ ನನಗೂ ಗೊತ್ತು. ಹಾಗಿದ್ದಾಗ ಆ ಬೋರಿನ ನೀರನ್ನು ಕುಡಿಯಲು ಬಳಸಬೇಡಿ, ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸಿ. ಪಕ್ಕದ ಮನೆಯವರ ಬೋರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಫೇಲಾದ ಬೋರಿಗೆ, ಪಾಳುಬಾವಿಗೆ ಸೆಪ್ಟಿಕ್ ನೀರು ಬಿಡುವವರೂ ಇದ್ದಾರೆ. ಖರ್ಚಿಲ್ಲದ ಉಪಾಯ ಅಂತ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಊರೆಲ್ಲಾ ಕುಡಿಯುವ ನೀರಿಗೆ ನೇರ ಪೈಪು ಕೊಟ್ಟ ಹಾಗೆ ಅದು. ಅಂಥ ಕೆಲಸಕ್ಕೆ ಪೈಪು ಕೇಳಿದರೆ ನಾನಂತೂ ಕೊಡುವುದಿಲ್ಲ.

ಮುಚ್ಚಳ ತೆಗೆದು ಅಳೆಯುವುದು

ಗಾಡಿಗೆ ಫೋನ್ ಮಾಡುವ ಮುಂಚೆ ಅಳತೆ ನೋಡಿ. ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಬೇಕು ಅನ್ನುವುದು ಸರಾಸರಿ ಲೆಕ್ಕ. ನಾಲ್ಕು ಜನರ ಮನೆಗೂ ಮೇಲೆ ಎರಡು ಪೋರ್ಷನ್ ಬಾಡಿಗೆಗೆ ಕೊಟ್ಟ ಮನೆಗೂ ಒಂದೇ ಲೆಕ್ಕ ಆಗುತ್ತದಾ?

ಬೆಳಗಿನ ಹೊತ್ತು, ಗಾಳಿ ಆಡುವಾಗ ಮುಚ್ಚಳ ಸರಿಸಿ. ಇಬ್ಬರಿರಬೇಕು. ಸರಿಸಿದವರು ದೂರ ಹೋಗಿ ನಿಲ್ಲಲಿ, ಅರ್ಧ ಗಂಟೆ ಬಿಡಿ. ಮಕ್ಕಳು, ನಾಯಿ ಹತ್ತಿರ ಬರಬಾರದು. ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ. ಒಳಗೆ ದೀಪ ಇಳಿಸಿ, ಆರಲಿಲ್ಲ ಅಂದರೆ ಗಾಳಿ ಸರಿಯಿದೆ ಅಂತ ನೋಡುವ ಹಳೇ ರೂಢಿ ಇದೆಯಲ್ಲ, ಅದನ್ನಂತೂ ಬಿಟ್ಟುಬಿಡಿ. ಒಳಗೆ ಮೀಥೇನ್ ಇರುತ್ತದೆ, ಹೊತ್ತಿಕೊಳ್ಳುತ್ತದೆ. ಜೊತೆಗೆ ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಜಾಸ್ತಿ ಆದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಇಲ್ಲ ಅಂತ ಬಗ್ಗಿ ನೋಡಿದವರು ಹಾಗೇ ಒಳಗೆ ಬಿದ್ದಿದ್ದಾರೆ. ತಲೆಯನ್ನು ಟ್ಯಾಂಕಿನ ಬಾಯಿಯೊಳಗೆ ತೂರಿಸಲೇಬಾರದು.

ಈಗ ಕೋಲು. ನಮ್ಮ ಕಡೆ ನೀಲಗಿರಿ ಕೋಲಿಗೇನು ಬರ. ಎಂಟಡಿಯದು ನೆಟ್ಟಗಿರುವುದನ್ನು ಆರಿಸಿಕೊಳ್ಳಿ. ತುದಿಯಿಂದ ಮೂರಡಿವರೆಗೆ ಹಳೇ ಬಿಳಿ ಪಂಚೆ ಬಟ್ಟೆ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ನೀರು ಹೊರಹೋಗುವ ಪೈಪಿನ ಹತ್ತಿರ, ಮೇಲಿನ ಕೆನೆ ಪಕ್ಕಕ್ಕೆ ಸರಿಸಿ, ಕೋಲನ್ನು ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ. ಕುಕ್ಕಬೇಡಿ, ಕಲಕಬೇಡಿ. ಎರಡು ಮೂರು ನಿಮಿಷ ಹಾಗೇ ಹಿಡಿದು, ಒಂದು ಸಲ ತಿರುಗಿಸಿ, ನೆಟ್ಟಗೆ ಮೇಲೆತ್ತಿ. ಕೆಳಗಿನ ಬಟ್ಟೆಗೆ ಕಪ್ಪು ರಾಡಿಯ ಕಣ ಅಂಟಿರುತ್ತದೆ, ಮೇಲಿನದು ಬರೀ ಬೂದು ಬಣ್ಣಕ್ಕೆ ಒದ್ದೆ. ಗೆರೆ ಕಾಣುತ್ತದೆ. ಕಪ್ಪು ಎಷ್ಟು ಇಂಚು ಅಂತ ಟೇಪಿನಲ್ಲಿ ಅಳೆಯಿರಿ. ಕೋಲಿನ ಮೇಲೆ ಒಟ್ಟು ನೀರಿನ ಆಳದ ಗುರುತೂ ಸಿಗುತ್ತದೆ.

ಕೆನೆಯ ದಪ್ಪ ನೋಡಲು ಅರ್ಧ ಇಂಚಿನ ಪಿವಿಸಿ ಪೈಪಿಗೆ ತುದಿಯಲ್ಲಿ ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ), ಅದಕ್ಕೆ ಒಂದು ಗೇಣು ಪೈಪಿನ ತುಂಡು ಹಾಕಿ. ಕೆನೆಯ ಮೂಲಕ ಕೆಳಗಿಳಿಸಿ, ತಿರುಗಿಸಿ, ಮೆಲ್ಲಗೆ ಎಳೆಯಿರಿ. ಎಲ್ಲಿ ತಡೆಯುತ್ತದೋ ಅದು ಕೆನೆಯ ತಳ.

ರಾಡಿ ಮತ್ತು ಕೆನೆ ಎರಡೂ ಸೇರಿ ನೀರಿನ ಆಳದ ಮೂರರಲ್ಲಿ ಒಂದು ಪಾಲು ಮುಟ್ಟಿದರೆ ಗಾಡಿ ಕರೆಸಿ. ನಾಲ್ಕಡಿ ನೀರಿದ್ದರೆ 16 ಇಂಚು. ರಾಡಿ 9, ಕೆನೆ 2, ಒಟ್ಟು 11 ಬಂತು ಅಂದರೆ ಈ ಚಳಿಗಾಲ ನಿಶ್ಚಿಂತೆ, ಮುಂದಿನ ಆಗಸ್ಟ್‌ನಲ್ಲಿ ನೋಡಿ. ಅಳತೆ, ತಾರೀಖು ಎರಡನ್ನೂ ಮೀಟರ್ ಬೋರ್ಡಿನ ಬಾಗಿಲ ಒಳಗೆ ಪೆನ್ಸಿಲಲ್ಲಿ ಬರೆದಿಡಿ. ಬಟ್ಟೆಯನ್ನು ಕೈಗವಸು ಹಾಕಿಕೊಂಡು ಬಿಚ್ಚಿ ಹೂತುಬಿಡಿ. ಕೋಲು ತೊಳೆದು ಬಿಸಿಲಿಗೆ ಇಡಿ. ಅದರಲ್ಲೇ ಆಮೇಲೆ ಹುಣಸೆಕಾಯಿ ಬಡಿಯಲು ಹೋಗಬೇಡಿ ಮತ್ತೆ.

ಮುಚ್ಚಳ ತೆಗೆದಾಗಲೇ ಇನ್ನೆರಡು ನೋಡಬೇಕು. ಒಂದು, ಟೀ, ಅಂದರೆ ಇಂಗ್ಲಿಷಿನ T ಆಕಾರದ ಪೈಪಿನ ಜೋಡಣೆ. ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ನಾಲ್ಕು ಇಂಚಿನ ಟೀ ಹಾಕಿ, ಅದರ ಕೆಳಗಿನ ಕಾಲು ನೀರಿನೊಳಗೆ ಸುಮಾರು ಒಂದಡಿ ಇಳಿದಿರಬೇಕು. ಹೊರಹೋಗುವ ಕಡೆ ಟೀ ಇಲ್ಲದಿದ್ದರೆ ಮೇಲಿನ ಕೆನೆ ನೇರವಾಗಿ ಇಂಗುಗುಂಡಿಗೆ ಹೋಗಿ ಅದರ ಕಣ್ಣು, ಅಂದರೆ ನೀರು ಇಂಗುವ ಸಂದುಗಳನ್ನು, ಮುಚ್ಚಿಸುತ್ತದೆ. ಎಷ್ಟೋ ಮೇಸ್ತ್ರಿಗಳು ಇದನ್ನು ಹಾಕುವುದೇ ಇಲ್ಲ. ಮನೆಮಂದಿ ಒಂದು ಹೊತ್ತು ಹೋಟೆಲಲ್ಲಿ ತಿನ್ನುವ ದುಡ್ಡೂ ಆಗದ ಸಾಮಾನು, ಅದನ್ನು ಬಿಟ್ಟರೆ ಹೊಸ ಗುಂಡಿ ತೋಡಿಸಬೇಕಾಗುತ್ತದೆ. ಹೊರಹೋಗುವ ಪೈಪು ಒಳಬರುವುದಕ್ಕಿಂತ ಎರಡು ಇಂಚು ತಗ್ಗಿನಲ್ಲಿರಲಿ. ಟೀ ಕೂರಿಸುವುದಾದರೂ ಮೇಲಿಂದಲೇ, ಆ ಪೈಪಿನ ಮೇಲಿನ ಚಪ್ಪಡಿ ಸರಿಸಿ ಮಾಡಬೇಕು. ಅದಕ್ಕಾಗಿ ಯಾರೂ ಇಳಿಯಕೂಡದು.

ಇನ್ನೊಂದು, ಮುಚ್ಚಳವೇ. ಟ್ಯಾಂಕಿನ ಗಾಳಿ ಕಾಂಕ್ರೀಟನ್ನು ತಿನ್ನುತ್ತದೆ. ಹೈಡ್ರೋಜನ್ ಸಲ್ಫೈಡ್ ತೇವದ ಮೇಲೆ ಕೂತು ಸಲ್ಫ್ಯೂರಿಕ್ ಆಸಿಡ್ ಆಗಿ, ಸ್ಲ್ಯಾಬಿನ ಅಡಿಭಾಗ ಉದುರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೇಲಿಂದ ನೋಡಿದರೆ ಚೆನ್ನಾಗೇ ಇರುತ್ತದೆ. ಮುಚ್ಚಳ ಮಗುಚಿ ಹಾಕಿ ಅಡಿ ನೋಡಿ. ಕಂಬಿ ಕಂಡರೆ ಬದಲಾಯಿಸಿ. ಈ ಒಂದು ವಿಷಯದಲ್ಲಿ ನಮ್ಮೂರ ಕಲ್ಲು ಚಪ್ಪಡಿಯೇ ಮೇಲು, ಆಸಿಡ್ ಅದನ್ನು ಹಾಗೆ ತಿನ್ನುವುದಿಲ್ಲ. ಆದರೆ ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ಅದರ ಮೇಲೆ ಎಂ-ಸ್ಯಾಂಡ್ ರಾಶಿ, ಟ್ರ್ಯಾಕ್ಟರ್, ಕಾರು ಯಾವುದೂ ನಿಲ್ಲಬಾರದು.

ಮಳೆ ನೀರಿಗೆ ಒಳಗೆ ಕೆಲಸವಿಲ್ಲ

ತಾರಸಿ ನೀರಿನ ಪೈಪನ್ನು ಪಿಟ್ಟಿಗೆ ಜೋಡಿಸಿದ ಮನೆಗಳು ಎಷ್ಟು ಬೇಕು. ಸಾವಿರ ಚದರಡಿ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಎರಡು ಸಾವಿರ ಲೀಟರಿಗಿಂತ ಜಾಸ್ತಿ ನೀರು. 6 ಅಡಿ ಉದ್ದ, 3 ಅಡಿ ಅಗಲ, 4 ಅಡಿ ನೀರಿನ ಟ್ಯಾಂಕ್ ಹಿಡಿಯುವುದೇ ಸುಮಾರು ಎರಡು ಸಾವಿರ ಲೀಟರ್. ಒಂದು ಮಳೆಗೆ ಇಡೀ ಟ್ಯಾಂಕ್ ಕಲಕಿ ಇಂಗುಗುಂಡಿಗೆ ಹೋಯಿತು ಅಂತಲೇ ಲೆಕ್ಕ. ಆ ಪೈಪನ್ನು ಇವತ್ತೇ ಬಿಚ್ಚಿ ಸಂಪಿಗೆ ತಿರುಗಿಸಿ, ಇಲ್ಲಾ ಅಂಗಳದ ಆಚೆ ಬಿಡಿ. ಸಂಪು, ಸಿಂಟೆಕ್ಸ್ ತುಂಬಿ ಹರಿಯುವ ನೀರೂ ಅಷ್ಟೇ.

ಟ್ಯಾಂಕಿನ ಮೇಲ್ಭಾಗ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳಾದರೂ ಎತ್ತರವಿರಲಿ. ಚಪ್ಪಡಿ ಸಂದುಗಳಿಗೆ ಗಾರೆ ಮೆತ್ತಿ. ಮುಚ್ಚಳಕ್ಕೆ ಮಾತ್ರ ಗಟ್ಟಿ ಗಾರೆ ಬೇಡ, ಮುಂದಿನ ಸಲ ಒಡೆಯಬೇಕಾಗುತ್ತದೆ. ಅಂಚಿಗೆ ಜೇಡಿಮಣ್ಣು ಹಾಕಿದರೆ ವಾಸನೆಯೂ ಬರುವುದಿಲ್ಲ, ಬೇಕಾದಾಗ ಬಿಡಿಸಬಹುದು.

ಒಳಗಿನಿಂದ ಸೋರುವ ನೀರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫ್ಲಷ್ ಟ್ಯಾಂಕಿನ ವಾಷರ್ ಸವೆದಿದ್ದರೆ ರಾತ್ರಿ-ಹಗಲು ನೀರು ಸದ್ದಿಲ್ಲದೆ ಇಳಿಯುತ್ತಿರುತ್ತದೆ. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಫ್ಲಷ್ ಟ್ಯಾಂಕಿಗೆ ಹಾಕಿ, ಇಪ್ಪತ್ತು ನಿಮಿಷ ಯಾರೂ ಒತ್ತದ ಹಾಗೆ ನೋಡಿಕೊಳ್ಳಿ. ಕಮೋಡಿನ ನೀರಿಗೆ ಬಣ್ಣ ಬಂದರೆ ವಾಷರ್ ಬದಲಾಯಿಸಿ. ಅಷ್ಟೇ.

ಇಂಗುಗುಂಡಿ ಹೋಗಿದೆಯಾ ಅಂತ ತಿಳಿಯಲು ಹೀಗೆ ನೋಡಿ. ಮಳೆ ಇಲ್ಲದ ವಾರದಲ್ಲೂ ಗುಂಡಿ ನೀರು ಪೈಪಿನ ಮಟ್ಟಕ್ಕೇ ನಿಂತಿದ್ದರೆ ಅದರ ಕಣ್ಣು ಜಿಡ್ಡಿನಿಂದ ಮುಚ್ಚಿದೆ. ಮಳೆ ಬಂದಾಗ ಮಾತ್ರ ಏರಿ ಆಮೇಲೆ ಇಳಿದರೆ ಗುಂಡಿ ಸರಿಯಿದೆ, ನೆಲದಲ್ಲಿ ನೀರು ಮೇಲೆ ಬಂದಿದೆ. ಎರಡನೆಯದಕ್ಕೆ ಇನ್ನೂ ಆಳ ತೋಡಿಸುವವರಿದ್ದಾರೆ. ಅದು ತಿರುವು ಮುರುವು. ಗುಂಡಿಯ ತಳಕ್ಕೂ ನೆಲದ ನೀರಿಗೂ ಆರಡಿಯಾದರೂ ಮಣ್ಣು ಬೇಕು, ಸೋಸುವುದು ಆ ಮಣ್ಣೇ. ಆಳದ ಬದಲು ಇನ್ನೊಂದು ಗುಂಡಿಯನ್ನು ಅಗಲವಾಗಿ, ಮೇಲ್ಮಟ್ಟದಲ್ಲಿ ಮಾಡಿಸಿ. ಜಾಗ ಆರಿಸುವ ಮುಂಚೆ ಒಂದಡಿ ಗುಳಿ ತೋಡಿ, ರಾತ್ರಿಯೆಲ್ಲಾ ನೀರು ಕುಡಿಸಿ, ಬೆಳಗ್ಗೆ ಮತ್ತೆ ತುಂಬಿ ನೋಡಿ. ಒಂದು ಇಂಚು ಇಳಿಯಲು ಒಂದು ಗಂಟೆಗಿಂತ ಜಾಸ್ತಿ ಹಿಡಿದರೆ ಅಲ್ಲಿ ಗುಂಡಿ ಬೇಡ. ಗರಸು ಮಣ್ಣಿದ್ದರೆ ಬೇಗ ಇಳಿಯುತ್ತದೆ, ಕೆರೆಯಂಚಿನ ಜೇಡಿ ಹಿಡಿದಿಡುತ್ತದೆ.

ಗಾಳಿ ಪೈಪು. ಚಳಿಗಾಲದ ಬೆಳಗ್ಗೆ ಗಾಳಿ ಆಡದೆ ತಣ್ಣಗೆ ನೆಲಕ್ಕೆ ಕೂತಿರುತ್ತದೆ, ಪೈಪು ಗಿಡ್ಡವಾಗಿದ್ದರೆ ವಾಸನೆಯೆಲ್ಲಾ ಅಂಗಳದಲ್ಲೇ. ತಾರಸಿಗಿಂತ ಆರಡಿ ಮೇಲೆ ಹೋಗಲಿ. ಬಾಯಿಗೆ ನೈಲಾನ್ ಜಾಲಿ ಕಟ್ಟಿ, ಸೊಳ್ಳೆ ಒಳಗೆ ಹೋಗಬಾರದು, ಒಳಗಿನದು ಹೊರಗೆ ಬರಬಾರದು. ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ಗಲೀಜು ನೀರೇ ತೌರುಮನೆ. ಕಬ್ಬಿಣದ ಜಾಲಿ ಬೇಡ, ಆ ಗಾಳಿಗೆ ಬೇಗ ತುಕ್ಕು ಹಿಡಿದು ಉದುರುತ್ತದೆ.

ಅಡುಗೆಮನೆಯಿಂದ ಬರುವುದು

ಡಿಸೆಂಬರಿನಲ್ಲಿ ಹಿತಕಿದವರೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಯಾವುದಿದೆ? ನಮ್ಮತ್ತೆ ರಾತ್ರಿ ಕಾಳು ನೆನೆಹಾಕಿ ಬೆಳಗ್ಗೆ ದೊಡ್ಡ ಬೋಗುಣಿ ಮುಂದಿಟ್ಟುಕೊಂಡು ಕೂರುತ್ತಾರೆ. ಹೆಬ್ಬೆರಳಿಂದ ಒತ್ತಿದರೆ ಬೇಳೆ ಬೋಗುಣಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸಿಪ್ಪೆಗೊಂದು ಪಾತ್ರೆ ಪಕ್ಕದಲ್ಲೇ ಇರುತ್ತದೆ, ಅದು ಹಸುವಿಗೆ. ಆದರೂ ಬೋಗುಣಿ ನೀರು ಚೆಲ್ಲುವಾಗ ಒಂದಷ್ಟು ಸಿಪ್ಪೆ ಸಿಂಕಿಗೆ ಜಾರಿಯೇ ಜಾರುತ್ತದೆ. ಆ ಸಿಪ್ಪೆ ತೆಳ್ಳಗೆ, ನುಣ್ಣಗೆ, ಬೇಗ ಕೊಳೆಯದ್ದು. ಒಂದರ ಮೇಲೊಂದು ಅಂಟಿಕೊಂಡು ಪೈಪಿನ ತಿರುವಿನಲ್ಲಿ ಕೂರುತ್ತದೆ. ಸಂಕ್ರಾಂತಿ ಮಾರನೇ ದಿನ ಯಜಮಾನರು ಯಾರ ಮನೆ ಚೇಂಬರ್ ತೆಗೆದರೂ ಮೊದಲು ಕೈಗೆ ಬರುವುದು ಇದರ ಉಂಡೆ. ಸಿಂಕಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಇಡಿ, ಅವರೆ ನೀರನ್ನು ಗಿಡಕ್ಕೆ ಚೆಲ್ಲಿ.

ಮುದ್ದೆ ಪಾತ್ರೆ ನೆನೆಹಾಕಿದ ಗಂಜಿ ನೀರೂ ಗಿಡಕ್ಕೇ ಹೋಗಲಿ. ಮಟನ್ ಸಾರಿನ ಕೊಬ್ಬು, ಕರಿದ ಎಣ್ಣೆ, ತುಪ್ಪದ ಜಿಡ್ಡು ಚಳಿಯಲ್ಲಿ ಪೈಪಿಗೆ ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯೇ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಇನ್ನು ಮಟನ್ ಕೊಬ್ಬು ಕೇಳಬೇಕಾ? ಬಿಸಿನೀರು ಸುರಿದರೆ ಕರಗಿ ಹೋಯಿತು ಅಂದುಕೊಳ್ಳುತ್ತೇವೆ. ನಾಲ್ಕಡಿ ಮುಂದೆ ಹೋಗಿ ಅಲ್ಲಿ ಗಟ್ಟಿಯಾಗುತ್ತದೆ ಅಷ್ಟೇ. ತೊಳೆಯುವ ಮುಂಚೆ ಪಾತ್ರೆಯನ್ನು ಪೇಪರಿನಿಂದ ಒರೆಸಿ ಕಸಕ್ಕೆ ಹಾಕಿ. ಸಾಧ್ಯವಾದರೆ ಅಡುಗೆಮನೆ ನೀರನ್ನು ಸೆಪ್ಟಿಕ್‌ಗೆ ಬಿಡದೆ, ಜಿಡ್ಡು ತಡೆಯುವ ಸಣ್ಣ ಚೇಂಬರ್ ಕಟ್ಟಿಸಿ ಬೇರೆ ಹರಿಸಿ.

ದ್ರಾಕ್ಷಿ ತೋಟದವರಿಗೆ ಒಂದು ಮಾತು. ಮೈಲುತುತ್ತ ಸುಣ್ಣದ ಔಷಧಿ ಹೊಡೆದ ಕ್ಯಾನು, ಡ್ರಮ್ಮನ್ನು ಮನೆ ಬಚ್ಚಲಲ್ಲಿ ತೊಳೆಯಬೇಡಿ. ಶಿಲೀಂಧ್ರ ಕೊಲ್ಲುವ ತಾಮ್ರ ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಬಿಡುತ್ತದಾ? ಆಸಿಡ್, ಬ್ಲೀಚಿಂಗ್ ಪೌಡರ್ ಡಬ್ಬಿಗಟ್ಟಲೆ ಸುರಿದರೂ ಅದೇ ಕಥೆ. ದಿನಾ ತೊಳೆಯಲು ಬಳಸುವ ಸ್ವಲ್ಪ ಲಿಕ್ವಿಡ್ಡಿನಿಂದ ಏನೂ ಆಗುವುದಿಲ್ಲ. ಪ್ಯಾಡು, ಡೈಪರು, ಒದ್ದೆ ಟಿಶ್ಯೂ, ನಿರೋಧ್ ಇವೆಲ್ಲ ಕಮೋಡಿಗಲ್ಲ, ಕಸದ ಬುಟ್ಟಿಗೆ.

"ಬ್ಯಾಕ್ಟೀರಿಯಾ ಪೌಡರ್ ಇದೆಯಾ ಅಕ್ಕಾ, ಹಾಕಿದರೆ ತೆಗೆಸೋದೇ ಬೇಡವಂತೆ?" ಇದೆ, ನಾನೇ ಮಾರುತ್ತೇನೆ. ಆದರೂ ಹೇಳುತ್ತೇನೆ, ಬೇಕಾಗಿಲ್ಲ. ನಮ್ಮ ಹೊಟ್ಟೆಯಿಂದ ಹೋಗುವುದರಲ್ಲೇ ಬೇಕಾದಷ್ಟು ಬ್ಯಾಕ್ಟೀರಿಯಾ ಇದೆ. ತಳದ ರಾಡಿಯನ್ನು ಯಾವ ಪೌಡರೂ ಮಾಯ ಮಾಡುವುದಿಲ್ಲ. ಸಗಣಿ ನೀರು, ಬೆಲ್ಲದ ನೀರು ಸುರಿಯುವುದೂ ಸುಮ್ನೆ. ಸಗಣಿಯ ನಾರು ತಳಕ್ಕೆ ಕೂತು ರಾಡಿ ಹೆಚ್ಚುತ್ತದೆ.

ಹಬ್ಬಕ್ಕೆ ಹದಿನೈದು ಜನ ನೆಂಟರು ಬರುವಾಗ ವಾಷಿಂಗ್ ಮೆಷಿನ್ನನ್ನು ಆ ಎರಡು ದಿನ ಮುಟ್ಟಬೇಡಿ. ಟ್ಯಾಂಕಿನಲ್ಲಿ ನೀರು ಒಂದು ದಿನವಾದರೂ ನಿಂತರೆ ಮಾತ್ರ ರಾಡಿ ತಳಕ್ಕೆ ಕೂರುತ್ತದೆ. ಎಲ್ಲಾ ಒಟ್ಟಿಗೆ ಬಂದರೆ ಹಾಗೇ ಆಚೆ ತಳ್ಳುತ್ತದೆ.

ಗಾಡಿ ಕರೆಸುವಾಗ

ಅಳತೆ ನೋಡಿ, ತೆಗೆಸಲೇಬೇಕು ಅಂತಾದರೆ ನಗರಸಭೆಗೆ ಕೇಳಿ, ಇಲ್ಲಾ ಖಾಸಗಿ ಸಕ್ಕಿಂಗ್ ಗಾಡಿಯವರಿಗೆ ಫೋನ್ ಮಾಡಿ. ಟ್ಯಾಂಕಿನ ಉದ್ದ, ಅಗಲ, ನೀರಿನ ಆಳವನ್ನು ಅಡಿ ಲೆಕ್ಕದಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಅವರ ಗಾಡಿ ಎಷ್ಟು ಲೀಟರಿನದು ಅಂತ ಕೇಳಿ, ಎಷ್ಟು ಲೋಡ್ ಅಂತ ಮೊದಲೇ ಮಾತಾಡಿಕೊಳ್ಳಿ. ಮೇಲಿನ ನೀರು ಮಾತ್ರ ಎಳೆದು ಹೊರಡುವವರಿದ್ದಾರೆ. ತಳದ ರಾಡಿ ಬರುವವರೆಗೂ ನಿಂತು ನೋಡಿ, ಮುಗಿದ ಮೇಲೆ ನಿಮ್ಮ ಕೋಲು ಇಳಿಸಿ ಪರೀಕ್ಷಿಸಿ. ಒಂದೆರಡು ಇಂಚು ರಾಡಿ ಉಳಿಯಲಿ, ಹೊಸದಕ್ಕೆ ಹೆಪ್ಪಿಗೆ ಅಷ್ಟು ಸಾಕು. ತೊಳೆದು ಫಿನಾಯಿಲ್ ಹಾಕಿಸಬೇಡಿ. ಗಾಡಿ ಹೋದ ಮೇಲೆ ಟ್ಯಾಂಕಿಗೆ ಹೊರಪೈಪಿನ ಮಟ್ಟದವರೆಗೆ ನೀರು ತುಂಬಿಸಿ.

"ತಳದಲ್ಲಿ ಗಟ್ಟಿಯಾಗಿದೆ, ಹುಡುಗ ಇಳಿದು ಕಲಕಿ ಕೊಡ್ತಾನೆ, ಐನೂರು ಎಕ್ಸ್ಟ್ರಾ" ಅಂದರೆ ಒಪ್ಪಬೇಡಿ. ನೀರಿನ ಜೆಟ್ ಹೊಡೆದು ಕಲಕಿ ಎಳೆಯಲಿ, ಆಗದಿದ್ದರೆ ಉಳಿದದ್ದು ಉಳಿಯಲಿ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಕಾನೂನು ಇರಲಿ ಬಿಡಿ, ಒಳಗೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಯಾರಾದರೂ ಬಿದ್ದರೆ ಎತ್ತಲು ಹಿಂದೆಯೇ ಇಳಿಯಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಸತ್ತ ಸುದ್ದಿ ಎಷ್ಟು ಓದಿಲ್ಲ ನಾವು. 112ಕ್ಕೆ, ಅಗ್ನಿಶಾಮಕದವರ 101ಕ್ಕೆ ಫೋನ್ ಮಾಡಿ.

ಕೊನೆಗೆ ಗಾಡಿಯವರನ್ನು ಕೇಳಲೇಬೇಕಾದದ್ದು, ಎಲ್ಲಿ ಸುರಿಯುತ್ತೀರಿ ಅಂತ. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ 2015ರಿಂದಲೇ ಈ ರಾಡಿಯನ್ನು ಸಂಸ್ಕರಿಸುವ ಘಟಕ ಇದೆ, ದೇಶದಲ್ಲೇ ಮೊದಲಿನವುಗಳಲ್ಲಿ ಒಂದು. ಹತ್ತಿರದ ಇಂಥ ಜಾಗಕ್ಕೆ ಒಯ್ಯುವವರಿಗೆ ನೂರಿನ್ನೂರು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ರಾತ್ರೋರಾತ್ರಿ ರಾಜಕಾಲುವೆಗೋ ಕೆರೆಯಂಗಳಕ್ಕೋ ಬಿಡುವವರನ್ನು ಕರೆಯಬೇಡಿ. ತೋಟಕ್ಕೆ ಗೊಬ್ಬರ ಅಂತ ಬಿಡಿಸಿಕೊಳ್ಳುವ ರೈತರೂ ಇದ್ದಾರೆ. ಹಸಿ ರಾಡಿಯಲ್ಲಿ ಜಂತುಹುಳುವಿನ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಕೊತ್ತಂಬರಿ, ಟೊಮೆಟೊ, ಮೂಲಂಗಿ ಮಡಿಗೆ ಅದು ಖಂಡಿತ ಬೇಡ. ಬಳಸಲೇಬೇಕೆಂದರೆ ಮನೆ, ಬಾವಿಗೆ ದೂರ ಗುಂಡಿಯಲ್ಲಿ ಮಣ್ಣು ಮುಚ್ಚಿ ಒಂದೂವರೆ-ಎರಡು ವರ್ಷ ಮಾಗಲು ಬಿಟ್ಟು, ಆಮೇಲೆ ಮಾವಿನ ಗಿಡದ ಬುಡಕ್ಕೆ ಹಾಕಿಸಿ.